ಚಳಿಗಾಲಕ್ಕೆ ಮಕ್ಕಳ ಕೈಗೆ ಯಾವ ಮಣ್ಣು? ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಹೋಲಿಕೆ

ಡಿಸೆಂಬರ್ ಬಂತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿ. ಅಂಗಳದ ತುಂಬ ಅಡಿಕೆ. ಬೆಳಿಗ್ಗೆ ಇಬ್ಬನಿ ಆರುವುದರೊಳಗೆ ಒಂಬತ್ತು ಗಂಟೆ, ಸಂಜೆ ಬೇಗ ಕತ್ತಲು. ಸಣ್ಣ ಮಕ್ಕಳನ್ನು ಹೊರಗೆ ಬಿಟ್ಟರೆ ಒಣ ಹಾಕಿದ್ದನ್ನು ತುಳಿಯುತ್ತವೆ, ಒಳಗೆ ಕೂರಿಸಿದರೆ ಮೊಬೈಲ್ ಕೇಳುತ್ತವೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದವರಿಗೆ ಚಳಿ ಅಂದರೆ ಫ್ಯಾನನ್ನು ಒಂದು ಪಾಯಿಂಟ್ ಇಳಿಸುವುದು, ಅಷ್ಟೇ. ಆದರೂ ನೆಗಡಿ, ಕೆಮ್ಮು, ಕ್ರಿಸ್‌ಮಸ್ ರಜೆ ಅಲ್ಲೂ ಇದ್ದೇ ಇವೆ.

ಇಂಥ ಹೊತ್ತಿಗೆ ಮಕ್ಕಳ ಮುಂದೆ ಒಂದು ಮುದ್ದೆ ಮಣ್ಣಿಟ್ಟರೆ ಅರ್ಧ ದಿನ ಕಳೆಯುತ್ತದೆ. ಯಾವ ಮಣ್ಣು ಅನ್ನುವುದೇ ಪ್ರಶ್ನೆ. ಸ್ಟೇಶನರಿ ಅಂಗಡಿಯಲ್ಲಿ ‘ಕ್ಲೇ’ ಅಂದರೆ ನಾಲ್ಕೈದು ಬಗೆ ತೆಗೆದು ಮುಂದಿಡುತ್ತಾರೆ. ಯೂಟ್ಯೂಬ್‌ನಲ್ಲಿ ಮೈದಾ, ಉಪ್ಪು, ಸೋಡಾ ಅಂತ ಇನ್ನೂ ನಾಲ್ಕೈದು. ಅದರಲ್ಲಿ ಹೆಚ್ಚಿನವು ಒಣ ಹವೆಯ, ಮನೆಮನೆಯಲ್ಲಿ ಓವನ್ ಇರುವ ಊರಿನವರು ಬರೆದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಕಾರವಾರ ಸಮುದ್ರದ ಪಕ್ಕಕ್ಕೇ ಇದೆ. ಒಂದೇ ಹಿಟ್ಟು ಅಲ್ಲಿ ಗಟ್ಟಿಯಾಗುತ್ತದೆ, ಇಲ್ಲಿ ಬೆವರುತ್ತದೆ.

ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷದೊಳಗಿನ ಮಗುವಿಗೆ ಬೇಯಿಸಿದ ಹಿಟ್ಟು, ಎಲ್ಲ ಬಾಯಿಗೆ ಹಾಕುವ ಮಗುವಾದರೆ ಉಪ್ಪಿಲ್ಲದ ಅಕ್ಕಿ ಹಿಟ್ಟಿನ ಮುದ್ದೆ. ಅದಕ್ಕಿಂತ ದೊಡ್ಡ ಮಗುವಿಗೆ, ಸಿಗುವುದಾದರೆ, ನಿಜವಾದ ಜೇಡಿಮಣ್ಣು. ಮಾಡಿದ್ದನ್ನು ತೂಗುಹಾಕಿ ಇಟ್ಟುಕೊಳ್ಳಲೇಬೇಕು ಅಂದರೆ ಘಟ್ಟದ ಮೇಲೆ ಉಪ್ಪು ಹಿಟ್ಟು, ಕೆಳಗೆ ಸೋಡಾ ಮುದ್ದೆ. ಅಂಗಡಿಯ ಕ್ಲೇ ಕೊನೆಗೆ.

ಬೇಯಿಸಿದ ಮೈದಾ ಹಿಟ್ಟು

ಸಣ್ಣ ಮಕ್ಕಳಿಗೆ ಮಾಡಿದ್ದನ್ನು ಇಟ್ಟುಕೊಳ್ಳುವ ಆಸೆಯೇ ಇರುವುದಿಲ್ಲ. ಒತ್ತಬೇಕು, ಹರಿಯಬೇಕು, ಮತ್ತೆ ಉಂಡೆ ಕಟ್ಟಬೇಕು. ಅದಕ್ಕೆ ಈ ಹಿಟ್ಟು ಸರಿ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ಗಂಟಿಲ್ಲದಂತೆ ಕದಡಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮಗುಚುತ್ತಾ ಇರಿ. ತಳ ಬಿಟ್ಟು ಒಂದೇ ಮುದ್ದೆಯಾದ ಕೂಡಲೇ ಇಳಿಸಿ, ಆರಿದ ಮೇಲೆ ಚೆನ್ನಾಗಿ ನಾದಿ. ಪರದೇಶದ ರೆಸಿಪಿಗಳಲ್ಲಿ ಕ್ರೀಮ್ ಆಫ್ ಟಾರ್ಟರ್ ಅಂತ ಇರುತ್ತದೆ. ಅದನ್ನು ಹುಡುಕಿಕೊಂಡು ಊರೆಲ್ಲ ತಿರುಗಬೇಡಿ, ನಿಂಬೆರಸವೇ ಅದರ ಕೆಲಸ ಮಾಡುತ್ತದೆ.

ಮೈದಾ ಬೆಂದಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಕೆಲವು ವಾರ ಮೆದುವಾಗಿಯೇ ಇರುತ್ತದೆ. ಗಟ್ಟಿ ಅನಿಸಿದರೆ ಕೈಗೆ ನೀರು ಮುಟ್ಟಿಸಿಕೊಂಡು ನಾದಿದರೆ ಆಯ್ತು. ಆದರೆ ಇದರಲ್ಲಿ ಮಾಡಿದ ಬೊಂಬೆ ಒಣಗಿಸಲು ಹೋಗಬೇಡಿ. ಬಿರುಕು ಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಪ್ಲೇ-ಡೋ ಕೂಡ ಇದೇ ಜಾತಿ, ಅದರಲ್ಲೂ ಗೋಧಿ ಇದೆ. ಅದರ ಹುಟ್ಟು ಮಜವಾಗಿದೆ. ಅಮೆರಿಕದಲ್ಲಿ ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಕಲ್ಲಿದ್ದಲ ಮಸಿ ತೆಗೆಯಲು ಇದ್ದ ಮುದ್ದೆ, 1956ರಲ್ಲಿ ಆಟಿಕೆಯಾಗಿ ಮಾರಾಟಕ್ಕೆ ಬಂತು. ಗೋಧಿ ಅಲರ್ಜಿ ಇರುವ ಮಗುವಿಗೆ ಎರಡೂ ಬೇಡ. ಮೋದಕಕ್ಕೆ ಮಾಡುವ ಹಾಗೆ ಅಕ್ಕಿ ಹಿಟ್ಟು ಉಕ್ಕರಿಸಿ ಕೊಡಿ. ಸಂಜೆಯ ಹೊತ್ತಿಗೆ ಒಣಗಿ ಪುಡಿಯಾಗುತ್ತದೆ, ನಿಜ. ಆದರೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಉಪ್ಪಿಲ್ಲದ ಈ ಮುದ್ದೆಯೇ ನೆಮ್ಮದಿ.

ಉಪ್ಪು ಹಿಟ್ಟು: ಶಿರಸಿಗೆ ಸೈ, ಕಾರವಾರಕ್ಕೆ ಕಷ್ಟ

ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಮುಕ್ಕಾಲರಿಂದ ಒಂದು ಲೋಟ ನೀರು. ಬೇಯಿಸುವ ತಾಪತ್ರಯ ಇಲ್ಲ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಬಿಗಿಯಾಗಿ ಕಲಸಿ, ಲಟ್ಟಿಸಿ, ಲೋಟದ ಬಾಯಿಂದ ಒತ್ತಿ ಕತ್ತರಿಸಿ, ಮೇಲೊಂದು ತೂತು. ಕ್ರಿಸ್‌ಮಸ್ ಗಿಡಕ್ಕೆ ನಕ್ಷತ್ರ, ಬಾಗಿಲಿಗೆ ಮಾವಿನೆಲೆಯ ತೋರಣ, ಮಗುವಿನ ಅಂಗೈ ಅಚ್ಚು, ಇವಕ್ಕೆಲ್ಲ ಇದು ಸಲೀಸು. ಓವನ್ ಇದ್ದರೆ 100 ಡಿಗ್ರಿಯಲ್ಲಿ ಎರಡು–ಮೂರು ಗಂಟೆ. ಇಲ್ಲದಿದ್ದರೆ ಒಂದು ಸೆಂಟಿಮೀಟರ್‌ಗಿಂತ ತೆಳ್ಳಗೆ ಮಾಡಿ, ಅಡಿಕೆ ಹಾಳೆಯ ತಟ್ಟೆಯ ಮೇಲಿಟ್ಟು, ದಿನಾ ಮಗುಚಿ ಹಾಕಿ. ಶಿರಸಿಯ ಜನವರಿ ಬಿಸಿಲಿಗೆ ಕೆಲವೇ ದಿನಕ್ಕೆ ಕಟಕಟ ಅನ್ನುತ್ತದೆ. ನಾಲ್ಕೈದು ತಿಂಗಳು ಮಳೆ ಹೊಯ್ಯುವ ಊರಲ್ಲಿ ಇದಕ್ಕೆ ಸರಿಯಾದ ಕಾಲ ಅಂತ ಇದ್ದರೆ ಇದೊಂದೇ.

ಕರಾವಳಿಯ ತೊಂದರೆ ಉಪ್ಪಿನದೇ. ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ದಾಟಿದರೆ ಅಡುಗೆ ಉಪ್ಪು ನೀರನ್ನು ಎಳೆದುಕೊಳ್ಳಲು ಶುರು ಮಾಡುತ್ತದೆ. ಸಮುದ್ರದ ಪಕ್ಕ ಚಳಿಗಾಲದ ಬೆಳಗಿನಲ್ಲೂ ಗಾಳಿ ಅಷ್ಟು ಹಸಿಯಾಗುವುದುಂಟು. ಹಗಲು ಒಣಗಿದ ನಕ್ಷತ್ರ ಬೆಳಗಾಗುವಾಗ ಜಿಗುಟು. ಇನ್ನು ಸಾಣಿಕಟ್ಟಾದ ಹರಳು ಉಪ್ಪು ಹಾಕಿದರಂತೂ ಕೇಳುವುದೇ ಬೇಡ. ಶುದ್ಧ ಮಾಡದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ ಲವಣಗಳೂ ಇರುತ್ತವೆ, ಅವು ಇನ್ನೂ ಕಡಿಮೆ ತೇವಕ್ಕೇ ನೀರು ಕುಡಿಯುತ್ತವೆ. ಆ ಉಪ್ಪು ಉಪ್ಪಿನಕಾಯಿಗೆ ಇರಲಿ. ಹಿಟ್ಟಿಗೆ ಪ್ಯಾಕೆಟ್‌ನ ಪುಡಿ ಉಪ್ಪೇ ಆಗಬೇಕು. ಹರಳು ಉಪ್ಪು ಮಕ್ಕಳ ಅಂಗೈಗೂ ಚುಚ್ಚುತ್ತದೆ. ವಾರ್ನಿಶ್ ಬಳಿದರೆ ಬೆವರುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಘಟ್ಟದ ಮೇಲಿನವರೂ ಮೇ ಕೊನೆಗೆ ಇವನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಬೇಕು.

ಚಳಿಗಾಲದ್ದೇ ಇನ್ನೊಂದು ಗೋಳು. ಮಕ್ಕಳ ಕೈ ಒಡೆದಿರುತ್ತದೆ. ಒಡೆದ ಚರ್ಮಕ್ಕೆ ಉಪ್ಪು ತಾಗಿದರೆ ಚುರ್ ಅನ್ನುತ್ತದೆ, ಮಗು ಅತ್ತು ಎದ್ದು ಹೋಗುತ್ತದೆ. ಮೊದಲೇ ಕೊಬ್ಬರಿ ಎಣ್ಣೆ ಸವರಿ. ಗಾಯ ಇದ್ದರೆ ಅವತ್ತು ಬೇರೆ ಏನಾದರೂ ಮಾಡಿ.

ಬಾಯಿಗೆ ಹಾಕುವ ಮಕ್ಕಳಿಗೆ ಇದನ್ನು ಕೊಡಬೇಡಿ. ‘ಅಡುಗೆ ಮನೆಯದ್ದೇ ಅಲ್ವಾ, ತಿಂದರೇನು?’ ಅನ್ನುವವರು ಲೆಕ್ಕ ನೋಡಿ. ಈ ಹಿಟ್ಟಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಪ್ಪೇ. 30 ಗ್ರಾಂನ ಒಂದು ಸಣ್ಣ ಉಂಡೆಯಲ್ಲಿ ಹತ್ತು ಗ್ರಾಂ ಆಸುಪಾಸು ಉಪ್ಪು. ದೊಡ್ಡವರಿಗೇ ದಿನಕ್ಕೆ ಐದು ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಹುಷಾರು. ಉಪ್ಪು ಹಿಟ್ಟು ತಿಂದ ನಾಯಿ ಸಾಯಲೂಬಹುದು.

ಸೋಡಾ ಮುದ್ದೆ, ಮತ್ತೆ ಮನೆಯಲ್ಲೇ ಕಾವಿ

ಎರಡು ಲೋಟ ಅಡುಗೆ ಸೋಡಾ, ಒಂದು ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ನೀರು. ಕದಡಿ, ಸಣ್ಣ ಉರಿಯಲ್ಲಿ ಮಗುಚಿ. ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ, ಆಗ ಇಳಿಸಿ ಒದ್ದೆ ಬಟ್ಟೆ ಮುಚ್ಚಿ ಆರಲು ಬಿಡಿ. ಅಡುಗೆ ಸೋಡಾ ಅಂದರೆ ಅಡುಗೆ ಸೋಡಾನೇ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ, ಅದು ಕೈ ಸುಡುತ್ತದೆ. ಇದನ್ನೂ ತಿನ್ನಲು ಬಿಡುವ ಹಾಗಿಲ್ಲ.

ಇದರಲ್ಲಿ ಉಪ್ಪು ಇಲ್ಲ. ಹಾಗಾಗಿ ಕಾರವಾರದಲ್ಲೂ ಒಂದೆರಡು ದಿನಕ್ಕೆ ಒಣಗುತ್ತದೆ, ಒಣಗಿದ ಮೇಲೆ ಜಿಗುಟಾಗುವುದಿಲ್ಲ. ಬಣ್ಣ ಅಚ್ಚ ಬಿಳಿ, ಮೈ ನುಣುಪು. ಉಪ್ಪು ಹಿಟ್ಟಿನ ಒರಟುತನ ಇದಕ್ಕಿಲ್ಲ. ಆದರೆ ದೊಡ್ಡ ಬೊಂಬೆಗೆ ಬರುವುದಿಲ್ಲ, ಬಿದ್ದರೆ ಚೂರು. ಚಿಕ್ಕ ಬಿಲ್ಲೆ, ಮಣಿ, ಪದಕ, ಇಷ್ಟಕ್ಕೇ ಇಟ್ಟುಕೊಳ್ಳಿ.

ನನಗೆ ಇದು ಇಷ್ಟ ಆಗುವುದು ಬಣ್ಣದ ಆಟಕ್ಕೆ. ಅರ್ಧ ಮುದ್ದೆಗೆ ಅರಿಶಿಣ ಕಲಸಲು ಮಗುವಿಗೇ ಕೊಡಿ. ಹಳದಿ ಆಗಬೇಕಾದ್ದು ಕೆಂಪು ಕಂದಾಗುತ್ತದೆ. ಅರಿಶಿಣಕ್ಕೆ ಸುಣ್ಣ ಬೆರೆಸಿ ಆರತಿ ನೀರು ಮಾಡುವಾಗ ಆಗುವುದೂ ಇದೇ. ಕ್ಷಾರ ತಾಗಿದರೆ ಅರಿಶಿಣ ಕೆಂಪು ತಿರುಗುತ್ತದೆ. ಅದರ ಮೇಲೆ ಒಂದು ಹನಿ ನಿಂಬೆರಸ ಬಿಟ್ಟರೆ ಬುಸ್ ಅಂತ ನೊರೆ ಎದ್ದು, ಆ ಜಾಗ ಮತ್ತೆ ಹಳದಿ. ಬಿಳಿ ಮುದ್ದೆಗೆ ಮುರುಗಲು (ಕೋಕಂ) ರಸ ಹಾಕಿ ನೋಡಿ, ಅದರ ಕೆಂಪು ನಿಲ್ಲುವುದಿಲ್ಲ. ಕೆಂಪೇ ಬೇಕು ಅಂದರೆ ಕೆಮ್ಮಣ್ಣು ಹಾಕಿ, ಅದು ಯಾವುದಕ್ಕೂ ಬಣ್ಣ ಬದಲಿಸುವುದಿಲ್ಲ.

ಕೆಮ್ಮಣ್ಣು ಅಂದಾಗ ಕಾವಿ ನೆನಪಾಯಿತು. ನಮ್ಮ ಕರಾವಳಿಯ ಮತ್ತು ಗೋವಾದ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಬಿಳಿ–ಕೆಂಪು ಚಿತ್ರ ನೋಡಿರುತ್ತೀರಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಗೀರಿ ಕೆಳಗಿನ ಬಿಳಿಯನ್ನು ಹೊರಗೆ ತರುವುದು ಅದರ ರೀತಿ. ಸೋಡಾ ಮುದ್ದೆಯ ಬಿಲ್ಲೆ ಒಣಗಿದ ಮೇಲೆ ಅದೇ ಕೆಲಸ ಮಾಡಬಹುದು. ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣನ್ನು ಸ್ವಲ್ಪ ಫೆವಿಕಾಲ್ ನೀರಲ್ಲಿ ಕಲಸಿ ದಪ್ಪಗೆ ಬಳಿಯಿರಿ. ಕೈಗೆ ಅಂಟದಷ್ಟು ಆರಿದಾಗ ಹಿಡಿಕಡ್ಡಿಯ ಮೊನೆಯಿಂದ ಗೀರಲು ಹೇಳಿ. ಐದು ವರ್ಷದ ಮಗು ಸುಮ್ನೆ ಅಡ್ಡಾದಿಡ್ಡಿ ಗೆರೆ ಎಳೆದರೂ ಚಂದ ಕಾಣುತ್ತದೆ. ದೊಡ್ಡವರು ಕೈ ಹಾಕಿ ಹಾಳು ಮಾಡದಿದ್ದರೆ ಸಾಕು.

ನಿಜವಾದ ಮಣ್ಣು

ಎಲ್ಲಕ್ಕಿಂತ ಒಳ್ಳೆಯದು ಇದೇ. ಗಲೀಜು ಜಾಸ್ತಿ, ಒಪ್ಪುತ್ತೇನೆ. ಆದರೆ ಹಿಟ್ಟಿಗೆ ತೂಕ ಇಲ್ಲ, ತಂಪಿಲ್ಲ. ಮಣ್ಣು ಬೆರಳು ಹೇಳಿದ್ದನ್ನೆಲ್ಲ ಕೇಳುತ್ತದೆ, ಉಗುರಿನ ಗುರುತು ಕೂಡ ಉಳಿಸಿಕೊಳ್ಳುತ್ತದೆ. ಕೆಟ್ಟರೆ ನೀರಿಗೆ ಹಾಕಿದರೆ ಮತ್ತೆ ಮಣ್ಣು.

ಸಿಗುವುದು ಎಲ್ಲಿ? ಚೌತಿಗೆ ಗಣಪತಿ ಮಾಡುವವರನ್ನು ಮೊದಲು ಕೇಳಿ. ಶಿರಸಿ, ಕುಮಟಾದ ಕಡೆ ಗುಡಿಗಾರರು ಗಂಧದ ಕೆತ್ತನೆಯ ಜೊತೆಗೆ ಮಣ್ಣಿನ ಗಣಪತಿಯನ್ನೂ ಮಾಡುತ್ತಾರೆ. ಚಳಿಗಾಲದಲ್ಲಿ ಅಂಥವರ ಹತ್ತಿರ ಉಳಿದ ಮಣ್ಣು ಒಣಗಿ ಹೆಂಟೆಯಾಗಿ ಬಿದ್ದಿದ್ದರೂ ಇರಬಹುದು. ಒಂದು ರಾತ್ರಿ ನೆನೆಹಾಕಿದರೆ ಮೇಲೇಳುತ್ತದೆ. ಅದು ಮೊದಲೇ ಸೋಸಿ ಹದ ಮಾಡಿದ ಮಣ್ಣು, ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಹಿತ್ತಲಿನ ಕೆಂಪು ಮಣ್ಣು ಆಗುವುದಿಲ್ವಾ ಅಂದರೆ, ಆಗುವುದಿಲ್ಲ. ನಮ್ಮ ಚಿರೆಕಲ್ಲಿನ ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಅಂಟು ಕಡಿಮೆ, ಹರಳು ಬೇರೆ. ಬಣ್ಣಕ್ಕೆ ಸರಿ, ಬೊಂಬೆಗೆ ಅಲ್ಲ. ಗದ್ದೆಯ ತಳದ ಮಣ್ಣು, ಕೆರೆ ಮಣ್ಣು ನೋಡಿ. ಪೆನ್ಸಿಲ್ ದಪ್ಪ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಡದೆ ಸುತ್ತಿಕೊಂಡರೆ ಒಳ್ಳೆ ಮಣ್ಣು. ತಂದ ಮೇಲೆ ಬಕೆಟ್ ನೀರಲ್ಲಿ ಕದಡಿ, ಕಲ್ಲು–ಮರಳು ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ಕೆಸರು ನೀರನ್ನು ಹಳೆ ಪಂಚೆಯಲ್ಲಿ ಸೋಸಿ. ಅದು ಕೆಳಗೆ ಕೂತ ಮೇಲೆ ತಿಳಿ ನೀರು ಚೆಲ್ಲಿ, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಒಂದೆರಡು ದಿನಕ್ಕೆ ಹದವಾದ ಮಣ್ಣು. ಕೊಟ್ಟಿಗೆಯ ಹತ್ತಿರದ್ದು, ಗೊಬ್ಬರ ಬಿದ್ದ ಜಾಗದ್ದು ಬೇಡ. ಹುತ್ತದ ಮಣ್ಣು ನುಣ್ಣಗಿರುತ್ತದೆ ಅಂತ ಕೈ ಹಾಕುವುದು ಬೇಡವೇ ಬೇಡ, ಒಳಗೆ ಯಾರಿದ್ದಾರೋ!

ಅಘನಾಶಿನಿ ದಂಡೆಯವರಿಗೆ ಒಂದು ಮಾತು. ಗಜನಿ ಗದ್ದೆಯ ಮಣ್ಣು ಕೈಗೆ ಬೆಣ್ಣೆಯ ಹಾಗೆ ಹತ್ತುತ್ತದೆ, ಆಸೆ ಹುಟ್ಟಿಸುತ್ತದೆ. ಆದರೆ ಉಬ್ಬರದ ಉಪ್ಪು ನೀರು ಕುಡಿದ ಮಣ್ಣು ಅದು. ಒಣಗುವಾಗ ಉಪ್ಪು ಹೊರಗೆ ಬಂದು ಬೊಂಬೆಯ ಮೈಮೇಲೆ ಬಿಳಿ ಹುಡಿ ಕೂರುತ್ತದೆ. ಕೊಳೆತ ವಾಸನೆ ಬೇರೆ. ಕಗ್ಗ ಭತ್ತಕ್ಕೇ ಅದು ಸರಿ.

ಏನು ಮಾಡಿಸುವುದು? ಗಣಪತಿ, ಆನೆ ಅಂತ ಶುರು ಮಾಡಬೇಡಿ. ಮಗು ದಿನಾ ನೋಡುವುದನ್ನು ಕೇಳಿ. ಕಾರವಾರದ ನೆಂಟರ ಮನೆಯ ಹುಡುಗಿಗೆ ಮೀನು ಮಾಡು ಅಂದೆವು. ಉದ್ದ ಉಂಡೆ ಹೊಸೆದು, ಎರಡೂ ತುದಿ ಚೂಪು ಮಾಡಿ, ಬಾಲದ ಕಡೆ ಹಿಚುಕಿ ಎರಡು ಸೀಳು ಮಾಡಿದಳು. ನಾನು ಚಮಚದ ತುದಿಯಿಂದ ಮೈ ತುಂಬ ದೊಡ್ಡ ದೊಡ್ಡ ಹುರುಪೆ ಒತ್ತಲು ತೋರಿಸಿದೆ. ‘ಬಂಗಡೆಗೆ ಹೀಗಿರೂದಿಲ್ಲ’ ಅಂತ ಬೆರಳಿಂದ ಎಲ್ಲ ಉಜ್ಜಿ ನುಣುಪು ಮಾಡಿ, ಬೆನ್ನಿನ ಮೇಲೆ ಮಾತ್ರ ಕಡ್ಡಿಯಲ್ಲಿ ಡೊಂಕು ಡೊಂಕು ಗೆರೆ ಎಳೆದಳು. ಹೊಟ್ಟೆಗೆ ಏನೂ ಇಲ್ಲ. ಕಣ್ಣಿಗೆ ಒಂದು ಸಾಸಿವೆ ಕಾಳು ಒತ್ತಿದಳು. ಆಮೇಲೆ ಅದಕ್ಕೆ ಒಂದು ಬುಟ್ಟಿ ಬೇಕಾಯಿತು, ಬುಟ್ಟಿಗೆ ಇನ್ನಷ್ಟು ಮೀನು ಬೇಕಾಯಿತು. ಘಟ್ಟದ ಮೇಲಿನ ಮಕ್ಕಳು ಅಡಿಕೆ ಕೊನೆ ಮಾಡುತ್ತವೆ, ಚಿಕ್ಕ ಉಂಡೆಗಳ ರಾಶಿ, ಅದೂ ಒಳ್ಳೆಯ ಕೆಲಸವೇ. ಕ್ರಿಸ್‌ಮಸ್ ಹಬ್ಬದ ಮನೆಗಳಲ್ಲಿ ಗೋದಲಿಗೆ ಕುರಿ, ದನ, ಕುರುಬರು ಬೇಕೇ ಬೇಕು.

ಎರಡು ತುಂಡು ಜೋಡಿಸುವಾಗ ಸುಮ್ನೆ ಒತ್ತಿದರೆ ಒಣಗಿದ ಮೇಲೆ ಕಿವಿ, ಬಾಲ ಎಲ್ಲ ಉದುರುತ್ತವೆ. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಮಣ್ಣಿನದೇ ತೆಳು ಕೆಸರು ಹಚ್ಚಿ, ಆಮೇಲೆ ಒತ್ತಿ. ಹಣತೆ ಮಾಡುವುದಾದರೆ ಉಂಡೆಯ ನಡುವೆ ಹೆಬ್ಬೆರಳು ಇಳಿಸಿ, ತಿರುಗಿಸುತ್ತಾ ಚಿವುಟುತ್ತಾ ಹೋಗುವುದು. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಲಿ. ಸುಡದ ಹಣತೆ ಎಣ್ಣೆ ಕುಡಿಯುತ್ತದೆ, ಕೆಳಗೆ ತಟ್ಟೆ ಇಡಿ. ದೀಪ ಹಚ್ಚುವುದು ದೊಡ್ಡವರ ಕೆಲಸ.

ಮಣ್ಣು ಒಣಗುವಾಗ ನೂರಕ್ಕೆ ಐದರಿಂದ ಹತ್ತರಷ್ಟು ಕುಗ್ಗುತ್ತದೆ. ಬಳಚಿನ ಚಿಪ್ಪು, ಮಣಿ ಒಳಗೆ ಹುಗಿದಿಟ್ಟರೆ ಅವು ಕುಗ್ಗುವುದಿಲ್ಲ, ಸುತ್ತಲಿನ ಮಣ್ಣು ಸೀಳುತ್ತದೆ. ಸಾಸಿವೆಯಷ್ಟು ಸಣ್ಣದಾದರೆ ಪರವಾಗಿಲ್ಲ. ಚಿಪ್ಪನ್ನು ಒತ್ತಿ ಅಚ್ಚು ಮೂಡಿಸಿ ತೆಗೆದುಬಿಡಿ. ಎಲೆಯ ಅಚ್ಚೂ ಚೆನ್ನಾಗಿ ಬರುತ್ತದೆ, ಆದರೆ ಎಲೆಗಾಗಿ ಮಕ್ಕಳನ್ನು ಕಾಡಿಗೆ ಕಳಿಸಬೇಡಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇ ಒಳಗೆ. ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದ ದಾಸವಾಳ, ವೀಳ್ಯದೆಲೆ, ಕರಿಬೇವು ಸಾಕು.

ಒಣಗಿಸುವುದು ನೆರಳಲ್ಲಿ, ನಿಧಾನವಾಗಿ. ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿ. ಬೇಗ ಆಗಲಿ ಅಂತ ಬಿಸಿಲಿಗೋ ಬಚ್ಚಲ ಒಲೆಯ ಕಟ್ಟೆಗೋ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬಿರಿಯುತ್ತದೆ. ಒಲೆಯೊಳಗೆ ಹಾಕಿ ಸುಡುವ ಸಾಹಸವಂತೂ ಬೇಡ. ಒಳಗಿನ ತೇವ ಆವಿಯಾಗಿ ಬೊಂಬೆ ಸಿಡಿಯುತ್ತದೆ. ಮಣ್ಣು ನೀರಿಗೆ ಕರಗದ ಮಡಕೆಯಾಗಲು 600 ಡಿಗ್ರಿಯಾದರೂ ಮೇಲೆ ಹೋಗಬೇಕು, ಅದೂ ಹದವಾಗಿ ಏರುತ್ತಾ. ಅದು ಕುಂಬಾರರ ಆವಿಗೆಯ ಕೆಲಸ. ಸುಡದ ಬೊಂಬೆಗೆ ಬಣ್ಣ ಹಚ್ಚಿ ಕಪಾಟಿನಲ್ಲಿಡಿ, ನೀರಿನಿಂದ ದೂರ.

ಆಟ ಮುಗಿದ ಮೇಲೆ ಒಣ ಮಣ್ಣನ್ನು ಪೊರಕೆಯಿಂದ ಗುಡಿಸಬೇಡಿ. ಎದ್ದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಕೆಮ್ಮಿರುವ ಮಗುವಿಗಂತೂ ಅಲ್ಲವೇ ಅಲ್ಲ. ಒದ್ದೆ ಬಟ್ಟೆಯಿಂದ ಒರೆಸಿ.

ಅಂಗಡಿಯವು

ಬಣ್ಣಬಣ್ಣದ ಕಡ್ಡಿಗಳಾಗಿ ಬರುವ ಎಣ್ಣೆ ಕ್ಲೇ ಹಳೆಯ ಸ್ನೇಹಿತ. ಇಂಗ್ಲೆಂಡಿನ ವಿಲಿಯಂ ಹಾರ್ಬಟ್ 1897ರಲ್ಲಿ ಪ್ಲಾಸ್ಟಿಸಿನ್ ಕಂಡುಹಿಡಿದಾಗಿನಿಂದ ಅದರ ಗುಣ ಒಂದೇ, ಎಂದೂ ಒಣಗುವುದಿಲ್ಲ. ಬಸ್ಸಿಗೆ, ನೆಂಟರ ಮನೆಗೆ ಒಯ್ಯಲು ಅನುಕೂಲ. ಆದರೆ ಶಿರಸಿಯ ಬೆಳಗಿನ ಚಳಿಗೆ ಕಲ್ಲಾಗಿರುತ್ತದೆ. ದೊಡ್ಡವರು ಅಂಗೈಯಲ್ಲಿ ಬಿಸಿ ಮಾಡಿ ಕೊಡದಿದ್ದರೆ ಸಣ್ಣ ಬೆರಳಿಗೆ ಬಗ್ಗುವುದಿಲ್ಲ. ಕಾರವಾರದಲ್ಲಿ ಆ ಸಮಸ್ಯೆ ಇಲ್ಲ.

ಗಾಳಿಗೆ ಒಣಗುವ ಬಿಳಿ ಕ್ಲೇ ಆರು ವರ್ಷ ದಾಟಿದವರಿಗೆ. ಒಂದರಿಂದ ಮೂರು ದಿನಕ್ಕೆ ಗಟ್ಟಿಯಾಗುತ್ತದೆ, ಪ್ಯಾಕೆಟ್ ಒಡೆದ ಮೇಲೆ ಉಳಿದದ್ದೂ ಗಟ್ಟಿಯಾಗುತ್ತದೆ. ಮಣ್ಣು ಸಿಗದ ಅಪಾರ್ಟ್‌ಮೆಂಟಿನವರು ತೆಗೆದುಕೊಳ್ಳಿ. ಹತ್ತಿಯಷ್ಟು ಹಗುರಾದ ಫೋಮ್ ಕ್ಲೇ ಮಕ್ಕಳಿಗೆ ಭಾರೀ ಇಷ್ಟ, ನನಗಿಲ್ಲ. ಒತ್ತಿದರೆ ಮತ್ತೆ ಉಬ್ಬುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ ಕಸ.

ಪಾಲಿಮರ್ ಕ್ಲೇ ಸಣ್ಣ ಮಕ್ಕಳಿಗೆ ಬೇಡ. ಅದು ಪಿವಿಸಿ. ಓವನ್‌ನಲ್ಲಿ 110ರಿಂದ 130 ಡಿಗ್ರಿಯ ಒಳಗೇ ಬೇಯಿಸಬೇಕು, ಕಾವು ಮೀರಿದರೆ ವಿಷದ ಹೊಗೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಗುವಿನ ಕೈ ಮುಳುಗಿಸಿ ಅಚ್ಚು ತೆಗೆಯುವ ವಿಡಿಯೋ ಕಂಡರೆ ಅದನ್ನೂ ಬಿಟ್ಟುಬಿಡಿ. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ, ಕೈ ಸುಟ್ಟ ಘಟನೆಗಳಿವೆ.

ಉಳಿದದ್ದನ್ನು ಏನು ಮಾಡುವುದು

ಒಡೆದ ಮಣ್ಣಿನ ಬೊಂಬೆಗಳನ್ನು ಬಕೆಟ್‌ಗೆ ಹಾಕಿ ಮುಳುಗುವಷ್ಟು ನೀರು ಹೊಯ್ದಿಡಿ. ಪೂರ್ತಿ ಒಣಗಿದ್ದು ಬೇಗ ಕರಗುತ್ತದೆ, ಅರೆಹಸಿ ಇದ್ದರೆ ತಡ. ಅಕ್ರಿಲಿಕ್ ಬಣ್ಣ ಬಳಿದಿದ್ದನ್ನು ಅದರಲ್ಲಿ ಸೇರಿಸಬೇಡಿ, ಸಿಪ್ಪೆ ಸಿಪ್ಪೆಯಾಗಿ ಮಣ್ಣಲ್ಲಿ ಉಳಿಯುತ್ತದೆ. ಉಪ್ಪು ಹಿಟ್ಟಿನ ಚೂರುಗಳನ್ನು ಬೀದಿನಾಯಿ, ದನ ಬರುವ ಕಡೆ ಎಸೆಯಬೇಡಿ. ‘ಹಿಟ್ಟು ತಾನೇ, ಗೊಬ್ಬರವಾಗುತ್ತದೆ’ ಅಂತ ಅಡಿಕೆ ಮರದ ಬುಡಕ್ಕೋ ಹೂವಿನ ಕುಂಡಕ್ಕೋ ಹಾಕುವುದೂ ಬೇಡ, ಉಪ್ಪು ಬೇರನ್ನು ಸುಡುತ್ತದೆ. ಕಾಗದದಲ್ಲಿ ಕಟ್ಟಿ ಕಸದ ಗಾಡಿಗೇ ಕೊಡಿ.